ವಿಸ್ಕಿಯ ರುಚಿ ಎಲ್ಲಿಂದ ಬರುತ್ತದೆ

ನಿಮ್ಮ ಮುಂದೆ ನಾಲ್ಕು ಗ್ಲಾಸ್ ಇವೆ. ಒಂದೊಂದರಲ್ಲಿ 15 ಎಂ.ಎಲ್. ಇದೆ. ನಾಲ್ಕೂ ಸೇರಿದರೆ ಒಂದು ಲಾರ್ಜ್, ಅಷ್ಟೇ. ಅಷ್ಟನ್ನೇ ಇಟ್ಟುಕೊಂಡು ಎರಡು ಗಂಟೆ ಮಾತಾಡೋಣ. ಗಾಡಿ ಓಡಿಸಿಕೊಂಡು ಹೋಗುವವರು ಮೂಸಿ ನೋಡಿ, ಕುಡಿಯಬೇಡಿ. ಅದರಿಂದ ನೀವು ಕಳೆದುಕೊಳ್ಳುವುದು ಕಡಿಮೆ. ಇವತ್ತಿನ ಕೆಲಸ ಜಾಸ್ತಿ ಇರುವುದು ಮೂಗಿಗೆ.

ನಮ್ಮಲ್ಲಿ ಬಹಳ ಜನ ವಿಸ್ಕಿ ಕಲಿತದ್ದು ಅವಸರದಲ್ಲಿ, ಕದ್ದುಮುಚ್ಚಿ. ಕ್ವಾರ್ಟರ್ ಒಡೆದು, ನೀರೋ ಸೋಡಾನೋ ಸುರಿದು, ಗಂಟಲಿಗೆ ಇಳಿಸಿ, ತಕ್ಷಣ ಖಾರದ ಕಡ್ಲೆಬೀಜವನ್ನೋ ಉಪ್ಪಿನಕಾಯಿಯನ್ನೋ ಬಾಯಿಗೆ ಹಾಕಿಕೊಂಡದ್ದು. ಅಂದರೆ ರುಚಿ ಗೊತ್ತಾಗದ ಹಾಗೆ ಕುಡಿದದ್ದು. ನಾನೂ ಹಾಗೇ ಶುರು ಮಾಡಿದವನು. ವಿಸ್ಕಿಗೆ ರುಚಿ ಅಂತ ಒಂದಿದೆ, ಊರಿಂದ ಊರಿಗೆ ಅದು ಬೇರೆಯಾಗುತ್ತದೆ ಅಂತ ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಇಂಥ ಕೂಟಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಸಾರ್, ಯಾವುದು ಬೆಸ್ಟ್?’ ಇವತ್ತು ಅದನ್ನು ಪಕ್ಕಕ್ಕಿಡೋಣ. ಪ್ರತಿ ಗ್ಲಾಸಿಗೂ ‘ಇದು ಯಾಕೆ ಹೀಗಿದೆ?’ ಅಂತ ಕೇಳೋಣ. ಕೇಳುತ್ತಾ ಹೋದರೆ ಒಂದು ವಿಷಯ ಗೊತ್ತಾಗುತ್ತದೆ. ಯಾರೋ ಕುಳಿತು ‘ಹೀಗೆ ರುಚಿ ಬರಲಿ’ ಅಂತ ಯೋಚಿಸಿ ಮಾಡಿದ ವಿಸ್ಕಿ ಕಡಿಮೆ. ಒಂದು ಕಡೆ ತೆರಿಗೆ ಜಾಸ್ತಿ ಇತ್ತು. ಒಂದು ಕಡೆ ಸೌದೆ ಇರಲಿಲ್ಲ. ಇನ್ನೊಂದು ಕಡೆ ಬಿಸಿಲು ವಿಪರೀತ. ಜನ ಇದ್ದದ್ದರಲ್ಲಿ ಮಾಡಿಕೊಂಡರು. ಆ ಇಕ್ಕಟ್ಟೇ ರುಚಿಯಾಯಿತು.

ಮೊದಲನೇ ಗ್ಲಾಸ್ ಎತ್ತಿಕೊಳ್ಳಿ. ಮೂಗಿನ ಹತ್ತಿರ ತನ್ನಿ, ಒಳಗೆ ತೂರಿಸಬೇಡಿ. ಬಾಯಿ ಸ್ವಲ್ಪ ತೆರೆದಿರಲಿ, ಆಗ ಆಲ್ಕೋಹಾಲಿನ ಘಾಟು ಮೂಗಿಗೆ ಹೊಡೆಯುವುದಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬರು ಬಿಸ್ಕೆಟ್ ಅಂದರು. ಇಲ್ಲಿ ಒಬ್ಬರು ಒಣದ್ರಾಕ್ಷಿ ಅಂದರು. ಎರಡೂ ಇದೆ. ಇದು ಐರ್ಲೆಂಡಿನ ರೆಡ್‌ಬ್ರೆಸ್ಟ್, 12 ವರ್ಷದ್ದು.

ಬಿಸ್ಕೆಟ್ ವಾಸನೆ ಕಾಳಿನಿಂದ ಬಂದದ್ದು. ಮನೆಯಲ್ಲಿ ಮಗುವಿಗೆ ರಾಗಿ ಸರಿ ಮಾಡಿದವರಿಗೆ ಮಾಲ್ಟ್ ಅಂದರೇನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ರಾಗಿ ನೆನೆಸುತ್ತೇವೆ, ಬಟ್ಟೆಯಲ್ಲಿ ಕಟ್ಟುತ್ತೇವೆ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸುತ್ತೇವೆ. ಮೊಳಕೆ ರಾಗಿ ಬರೀ ರಾಗಿಗಿಂತ ಸಿಹಿ, ಅಲ್ವಾ? ಮೊಳಕೆ ಒಡೆಯುವಾಗ ಕಾಳಿನೊಳಗೆ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಅವು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಬಾರ್ಲಿಯದೂ ಇದೇ ಕಥೆ. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ಕಲಸಿದರೆ ಸಿಹಿ ನೀರು ಬರುತ್ತದೆ. ಅದಕ್ಕೆ ಯೀಸ್ಟ್ ಹಾಕಿ ಹುಳಿ ಬರಿಸಿ, ತಾಮ್ರದ ಪಾತ್ರೆಯಲ್ಲಿ ಭಟ್ಟಿ ಇಳಿಸುತ್ತಾರೆ. ಇಳಿದ ಸಾರಾಯಿ ನೀರಿನ ಹಾಗೆ ತಿಳಿಯಾಗಿರುತ್ತದೆ. ಅದನ್ನು ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ವಿಸ್ಕಿ. ಸ್ಕಾಟ್ಲೆಂಡ್, ಐರ್ಲೆಂಡ್ ಎರಡರಲ್ಲೂ ಕನಿಷ್ಠ 3 ವರ್ಷ ಇಡಬೇಕು ಅನ್ನುವುದು ಕಾನೂನು.

ಇದನ್ನು ಈಗ ಒಂದು ಹನಿ ನಾಲಿಗೆಯ ಮೇಲೆ ಓಡಾಡಿಸಿ. ಎಣ್ಣೆಯ ಹಾಗೆ ಸ್ವಲ್ಪ ದಪ್ಪ. ಆಮೇಲೆ ಮೆಣಸು, ಲವಂಗದಂಥ ಒಂದು ಖಾರ. ಇದರ ಹಿಂದೆ ತೆರಿಗೆಯ ಕಥೆ ಇದೆ. 18ನೇ ಶತಮಾನದ ಕೊನೆಗೆ ಐರ್ಲೆಂಡಿನಲ್ಲಿ ಮಾಲ್ಟಿಗೆ, ಅಂದರೆ ಮೊಳಕೆ ಬಾರ್ಲಿಗೆ, ತೆರಿಗೆ ಬಿತ್ತು. ಹಸಿ ಬಾರ್ಲಿಗೆ ಆ ತೆರಿಗೆ ಇರಲಿಲ್ಲ. ಭಟ್ಟಿಯವರು ಎರಡನ್ನೂ ಬೆರೆಸಿದರು. ಮೊಳಕೆ ಬರದ ಕಾಳಿನಿಂದಲೇ ಈ ದಪ್ಪ, ಈ ಖಾರ. ತೆರಿಗೆ ಹೋಯಿತು, ರುಚಿ ಉಳಿಯಿತು. ಈಗ ಇದಕ್ಕೆ ‘ಸಿಂಗಲ್ ಪಾಟ್ ಸ್ಟಿಲ್’ ಅಂತ ಹೆಸರು. ಅಲ್ಲಿ ಸಾಮಾನ್ಯವಾಗಿ ಮೂರು ಸಲ ಭಟ್ಟಿ ಇಳಿಸುತ್ತಾರೆ, ಸ್ಕಾಟ್ಲೆಂಡಿನಲ್ಲಿ ಹೆಚ್ಚಿನವರು ಎರಡು ಸಲ.

ಈ ಶೈಲಿ ನಮ್ಮ ಕಾಲಕ್ಕೆ ಉಳಿದದ್ದೇ ದೊಡ್ಡದು. ಒಂದು ಕಾಲಕ್ಕೆ ಸ್ಕಾಚನ್ನೇ, ಅಂದರೆ ಸ್ಕಾಟ್ಲೆಂಡಿನ ವಿಸ್ಕಿಯನ್ನೇ, ಹಿಂದೆ ಹಾಕಿದ್ದ ಐರಿಷ್ ವಿಸ್ಕಿ 20ನೇ ಶತಮಾನದಲ್ಲಿ ಕುಸಿಯಿತು. 1970ರ ದಶಕ ಮುಗಿಯುವ ಹೊತ್ತಿಗೆ ಇಡೀ ದ್ವೀಪದಲ್ಲಿ ವಿಸ್ಕಿ ಭಟ್ಟಿ ಇಳಿಯುತ್ತಿದ್ದದ್ದು ಎರಡೇ ಕಡೆ, ದಕ್ಷಿಣದಲ್ಲಿ ಮಿಡಲ್ಟನ್, ಉತ್ತರದಲ್ಲಿ ಬುಷ್‌ಮಿಲ್ಸ್. ಈ ಕುಸಿತದ ಹಿಂದೆ ಒಂದು ಯಂತ್ರದ ಕಥೆಯೂ ಇದೆ. ಈನಿಯಸ್ ಕಾಫಿ ಅಂತ ಒಬ್ಬ ಅಬಕಾರಿ ಅಧಿಕಾರಿ ಇದ್ದ. ಐರ್ಲೆಂಡಿನವನೇ. 1830ರಲ್ಲಿ ಅವನು ನಿರಂತರ ಭಟ್ಟಿ ಇಳಿಸುವ ಕಂಬದ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಡಬ್ಲಿನ್ನಿನ ದೊಡ್ಡ ಭಟ್ಟಿಗಳು ಅದರಲ್ಲಿ ರುಚಿ ಇಲ್ಲ ಅಂತ ಬಿಟ್ಟವು. ಸ್ಕಾಟ್ಲೆಂಡಿನವರು ಹಿಡಿದುಕೊಂಡರು. ಮೆಕ್ಕೆಜೋಳ, ಗೋಧಿಯಂಥ ಕಾಳಿನಿಂದ ಅಗ್ಗದ, ಹಗುರವಾದ ಗ್ರೇನ್ ವಿಸ್ಕಿ ಮಾಡಿ, ಅದಕ್ಕೆ ಮಾಲ್ಟ್ ವಿಸ್ಕಿ ಬೆರೆಸಿ, ಬ್ಲೆಂಡೆಡ್ ಸ್ಕಾಚ್ ಅಂತ ಲೋಕಕ್ಕೆಲ್ಲ ಮಾರಿದರು. ನಮ್ಮ ಮನೆಗಳಿಗೆ ವಿಮಾನ ನಿಲ್ದಾಣದಿಂದ ಬರುವ ಬಾಟಲಿಗಳಲ್ಲಿ ಬಹಳಷ್ಟು ಇವೇ. ಬ್ಲೆಂಡ್ ಅಂದರೆ ಕೀಳು ಅಂತ ಮಾತಾಡುವವರ ಜೊತೆ ನಾನು ಒಪ್ಪುವುದಿಲ್ಲ. ಇಪ್ಪತ್ತು ಮೂವತ್ತು ಕಡೆಯ ವಿಸ್ಕಿ ಬೆರೆಸಿ ಪ್ರತಿ ವರ್ಷ ಒಂದೇ ರುಚಿ ತರುವುದು ದೊಡ್ಡ ವಿದ್ಯೆ.

ಸ್ವಲ್ಪ ನೀರು ಕುಡಿಯಿರಿ. ಎರಡನೆಯದಕ್ಕೆ ಬನ್ನಿ. ಅಮೆರಿಕದ ಕೆಂಟಕಿ ರಾಜ್ಯದ ಬರ್ಬನ್, ಮೇಕರ್ಸ್ ಮಾರ್ಕ್. ಇದರ ವಾಸನೆ ಯಾರಿಗೂ ತಪ್ಪುವುದಿಲ್ಲ. ಐಸ್‌ಕ್ರೀಂ ಅಂಗಡಿ. ವೆನಿಲ್ಲಾ. ಇನ್ನೂ ಸ್ವಲ್ಪ ಹೊತ್ತು ಮೂಸಿದರೆ ಬೆಲ್ಲದ ಪಾಕ, ಕೊಬ್ಬರಿ.

ಇವು ಯಾವುವೂ ಕಾಳಿನವಲ್ಲ, ಮರದವು. ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ಕಾಳಿನಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು. ಪೀಪಾಯಿ ಹೊಸದಾಗಿರಬೇಕು, ಅದರ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿರಬೇಕು. ಸುಟ್ಟಾಗ ಮರದೊಳಗಿನ ಸಕ್ಕರೆ ಪಾಕವಾಗುತ್ತದೆ. ಮರವನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಒಡೆದು ವೆನಿಲಿನ್ ಬರುತ್ತದೆ. ವೆನಿಲ್ಲಾ ಕಾಯಿಯಲ್ಲಿ ಇರುವುದೂ ಅದೇ ವೆನಿಲಿನ್. ಹಾಗಾಗಿ ‘ವಿಸ್ಕಿಯಲ್ಲಿ ವೆನಿಲ್ಲಾ ಎಲ್ಲಿಂದ ಬಂತು, ಸುಮ್ನೆ ಹೇಳ್ತಾರೆ’ ಅನ್ನುವವರಿಗೆ ಉತ್ತರ ಇದು. ಅದು ಕಲ್ಪನೆ ಅಲ್ಲ. ಬಾಳೆಹಣ್ಣಿನ, ಹಲಸಿನ ವಾಸನೆ ಸಿಕ್ಕರೂ ಹಾಗೇ. ಎರಡು ಹಣ್ಣಿನಲ್ಲೂ ಇರುವ ಐಸೊಅಮೈಲ್ ಅಸಿಟೇಟ್ ಅನ್ನುವ ಪದಾರ್ಥವನ್ನು ಹುಳಿ ಬರುವಾಗ ಯೀಸ್ಟ್ ಕೂಡ ಮಾಡುತ್ತದೆ. ಬಾಟಲಿಯ ಹಿಂದೆ ಬರೆದಿರುವ ಮಾತುಗಳನ್ನು ಹುಡುಕಿಕೊಂಡು ಹೋಗಬೇಡಿ. ಯಾವುದೋ ಊರಿನ ಬೆಟ್ಟದ ಹೂವಿನ ಹೆಸರು ಬರೆದಿರುತ್ತಾರೆ, ನಾವು ಅದನ್ನು ಕಂಡೇ ಇಲ್ಲ. ನಿಮ್ಮ ಮೂಗಿಗೆ ಹಲಸು ಸಿಕ್ಕರೆ ಹಲಸು ಅನ್ನಿ. ಆಲೆಮನೆ ನೆನಪಾದರೆ ಆಲೆಮನೆ ಅನ್ನಿ.

ಬರ್ಬನ್ ಕಾನೂನಿನಿಂದ ಒಂದು ದೊಡ್ಡ ಪರಿಣಾಮ ಆಯಿತು. ಪೀಪಾಯಿ ಪ್ರತಿ ಸಲ ಹೊಸದೇ ಬೇಕು. ಹಾಗಾದರೆ ಒಂದು ಸಲ ಬಳಸಿದ್ದನ್ನು ಏನು ಮಾಡುವುದು? ಮಾರುತ್ತಾರೆ. ಸುಮಾರು 200 ಲೀಟರಿನ ಆ ಪೀಪಾಯಿಗಳು ಹಡಗು ಹತ್ತಿ ಸ್ಕಾಟ್ಲೆಂಡಿಗೆ, ಐರ್ಲೆಂಡಿಗೆ, ನಮ್ಮ ಬೆಂಗಳೂರಿಗೂ ಬರುತ್ತವೆ. ಉಪ್ಪಿನಕಾಯಿ ಹಾಕಿದ ಭರಣಿಯನ್ನು ಎಷ್ಟು ತೊಳೆದರೂ ವಾಸನೆ ಉಳಿಯುತ್ತದಲ್ಲ, ಹಾಗೆ ಮರದಲ್ಲಿ ಮೊದಲಿನದರ ಗುಣ ಉಳಿದಿರುತ್ತದೆ. ಸ್ಕಾಚಿನಲ್ಲಿ ನಿಮಗೆ ಸಿಗುವ ವೆನಿಲ್ಲಾದ ಹೆಚ್ಚಿನ ಪಾಲು ಅಮೆರಿಕದ ಮರದ್ದು. ಒಣದ್ರಾಕ್ಷಿ, ಖರ್ಜೂರ, ಅಂಜೂರದ ರುಚಿ ಇದ್ದರೆ ಅದು ಸ್ಪೇನಿನ ಶೆರಿ ವೈನ್ ತುಂಬಿದ್ದ ಪೀಪಾಯಿಯದು. ಮೊದಲನೇ ಗ್ಲಾಸಿನ ಒಣದ್ರಾಕ್ಷಿ ಬಂದದ್ದು ಅಲ್ಲಿಂದ. ಹಿಂದೆ ಶೆರಿ ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಬರುತ್ತಿತ್ತು, ಖಾಲಿ ಪೀಪಾಯಿ ಅಗ್ಗಕ್ಕೆ ಸಿಗುತ್ತಿತ್ತು. 1980ರ ದಶಕದಲ್ಲಿ ಅದು ನಿಂತು, ಸ್ಪೇನಿನಲ್ಲೇ ಬಾಟಲಿಗೆ ತುಂಬುವುದು ಕಡ್ಡಾಯ ಆಯಿತು. ಈಗ ವಿಸ್ಕಿಗೋಸ್ಕರವೇ ಪೀಪಾಯಿಗೆ ಶೆರಿ ತುಂಬಿ, ಒಂದೆರಡು ವರ್ಷ ನೆನೆಸಿ ಕಳಿಸುತ್ತಾರೆ. ಶೆರಿ ಪೀಪಾಯಿಯ ವಿಸ್ಕಿ ದುಬಾರಿ ಆಗಲು ಇದೂ ಒಂದು ಕಾರಣ.

ಇನ್ನೊಂದು ಮಾತು. ಬಣ್ಣ ನೋಡಿ ಮೋಸ ಹೋಗಬೇಡಿ. ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಹಾಕಲು ಕಾನೂನು ಒಪ್ಪುತ್ತದೆ. ಕಪ್ಪಗಿದ್ದರೆ ಹಳೆಯದು, ಒಳ್ಳೆಯದು ಅಂತೇನಿಲ್ಲ.

ಮೂರನೆಯದನ್ನು ಮೂಸುವ ಮೊದಲು ನಮ್ಮ ದೇಶದ ವಿಸ್ಕಿಯ ಬಗ್ಗೆ ಹೇಳಬೇಕು. ನಮ್ಮ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ವಿಸ್ಕಿಯಲ್ಲಿ ಬಹುಪಾಲು ಕಾಕಂಬಿಯದು. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಮಂಡ್ಯ, ಬೆಳಗಾವಿ ಕಡೆಯವರಿಗೆ ಅದರ ವಾಸನೆ ಗೊತ್ತು. ಅದರಿಂದ ರುಚಿಯೇ ಇಲ್ಲದಷ್ಟು ಶುದ್ಧ ಮಾಡಿದ ಸ್ಪಿರಿಟ್ ತೆಗೆದು, ಸ್ವಲ್ಪ ಮಾಲ್ಟ್, ಬಣ್ಣ, ಪರಿಮಳ ಸೇರಿಸುತ್ತಾರೆ. ಯುರೋಪಿನಲ್ಲಿ ಇದನ್ನು ವಿಸ್ಕಿ ಅಂತ ಮಾರುವ ಹಾಗಿಲ್ಲ, ಅಲ್ಲಿನ ಲೆಕ್ಕದಲ್ಲಿ ವಿಸ್ಕಿ ಕಾಳಿನಿಂದಲೇ ಆಗಬೇಕು. ಇದನ್ನು ಕುಡಿಯುವವರನ್ನು ನಾನು ಹಳಿಯುತ್ತಿಲ್ಲ. ದಿನಗೂಲಿಯಲ್ಲಿ ಕೈಗೆ ಎಟುಕುವುದು ಅದೇ. ಆದರೆ ಅದನ್ನು ಕುಡಿದು ‘ವಿಸ್ಕಿಯಲ್ಲಿ ರುಚಿ ಏನಿದೆ’ ಅಂತ ತೀರ್ಮಾನ ಮಾಡಿದರೆ ತಪ್ಪಾಗುತ್ತದೆ.

ಈಗ ಮೂರನೇ ಗ್ಲಾಸ್. ಇದು ಹುಟ್ಟಿದ್ದು ಇಲ್ಲೇ, ಮೈಸೂರು ರಸ್ತೆಯ ಕಂಬೀಪುರದಲ್ಲಿ. ಅಮೃತ್ ಫ್ಯೂಷನ್.

ಜೆ.ಎನ್. ರಾಧಾಕೃಷ್ಣ ಜಗದಾಳೆ ಅವರು ಬೆಂಗಳೂರಿನಲ್ಲಿ ಅಮೃತ್ ಡಿಸ್ಟಿಲರೀಸ್ ಶುರು ಮಾಡಿದ್ದು 1948ರಲ್ಲಿ. ಬಹಳ ವರ್ಷ ರಮ್, ಬ್ರಾಂದಿ ಇಂಥವೇ ಅವರ ವ್ಯಾಪಾರ. 1980ರ ದಶಕದಲ್ಲಿ ಬಾರ್ಲಿ ಮಾಲ್ಟ್ ಭಟ್ಟಿ ಇಳಿಸಲು ಶುರು ಮಾಡಿದರು, ಅದೂ ಬೇರೆ ಸ್ಪಿರಿಟ್‌ಗೆ ಬೆರೆಸಲಿಕ್ಕೆ. ಮುಂದೆ ಮಗ ನೀಲಕಂಠ ರಾವ್ ಜಗದಾಳೆ ಅವರ ಕಾಲದಲ್ಲಿ, ಆ ಮಾಲ್ಟನ್ನು ಬೆರೆಸದೆ ಹಾಗೇ ಮಾರಿದರೆ ಹೇಗೆ ಅನ್ನುವ ಯೋಚನೆ ಬಂತು. ಮೊಮ್ಮಗ ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂ.ಬಿ.ಎ. ಓದುವಾಗ, ಬ್ರಿಟನ್ನಿನಲ್ಲಿ ಭಾರತದ ಸಿಂಗಲ್ ಮಾಲ್ಟಿಗೆ, ಅಂದರೆ ಒಂದೇ ಡಿಸ್ಟಿಲರಿಯ ಬರೀ ಮಾಲ್ಟ್ ವಿಸ್ಕಿಗೆ, ಮಾರುಕಟ್ಟೆ ಇದೆಯೇ ಅನ್ನುವುದನ್ನೇ ಅಧ್ಯಯನಕ್ಕೆ ತೆಗೆದುಕೊಂಡರು. 2004ರ ಆಗಸ್ಟಿನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆ ಆಯಿತು. ಎಲ್ಲಿ ಗೊತ್ತಾ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಹೆಸರು ನೋಡಿ. ವಿಸ್ಕಿ ಅನ್ನುವ ಪದ ಬಂದದ್ದು ಅಲ್ಲಿನ ಗೇಲಿಕ್ ಭಾಷೆಯ ‘ಉಷ್ಕೆ ಬಾಹ’ದಿಂದ, ಹಾಗಂದರೆ ಜೀವಜಲ. ಜೀವಜಲದ ಊರಿಗೆ ನಮ್ಮವರು ಅಮೃತ ತೆಗೆದುಕೊಂಡು ಹೋದರು. ಆ ಧೈರ್ಯ ನೆನೆದರೆ ಇವತ್ತಿಗೂ ನನಗೆ ಖುಷಿಯಾಗುತ್ತದೆ. 2010ರ ತನ್ನ ವಿಸ್ಕಿ ಕೈಪಿಡಿಯಲ್ಲಿ ಜಿಮ್ ಮರ್ರೇ ಎಂಬ ವಿಮರ್ಶಕ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟು, ಲೋಕದ ಮೂರನೇ ಶ್ರೇಷ್ಠ ವಿಸ್ಕಿ ಅಂದ. ಆಮೇಲೆ ಎಲ್ಲರೂ ಭಾರತದ ಕಡೆ ತಿರುಗಿ ನೋಡಿದರು.

ಇಲ್ಲಿನ ಇಕ್ಕಟ್ಟು ಯಾವುದು? ಬಿಸಿಲು. ಮರದ ಪೀಪಾಯಿ ಉಸಿರಾಡುತ್ತದೆ. ಒಳಗಿನದು ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗುತ್ತದೆ. ಇದಕ್ಕೆ ವಿಸ್ಕಿಯವರು ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಸುಮಾರು 2% ಹೋಗುತ್ತದೆ. ಬೆಂಗಳೂರಿನಲ್ಲಿ 10ರಿಂದ 12%. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ತಂಪು ಅಂತ ನಾವು ಅಂದುಕೊಂಡಿದ್ದೇವೆ. ವಿಸ್ಕಿಯ ಲೆಕ್ಕದಲ್ಲಿ ಇದು ಕಾದ ಊರು. 200 ಲೀಟರ್ ತುಂಬಿಟ್ಟರೆ ಸ್ಕಾಟ್ಲೆಂಡಿನಲ್ಲಿ 12 ವರ್ಷ ಆದಮೇಲೂ 155 ಲೀಟರಿಗಿಂತ ಹೆಚ್ಚು ಉಳಿದಿರುತ್ತದೆ. ಇಲ್ಲಿ 5 ವರ್ಷಕ್ಕೇ ಸುಮಾರು 110 ಲೀಟರ್. ಇನ್ನೊಂದೈದು ವರ್ಷ ಬಿಟ್ಟರೆ 60 ಲೀಟರಿನ ಆಸುಪಾಸು. 12 ವರ್ಷ, 18 ವರ್ಷ ಅಂತ ಬಾಟಲಿಯ ಮೇಲೆ ಬರೆಯುವ ಸುಖ ನಮಗೆ ಸಿಗುವುದು ಅಪರೂಪ. ಎಂಟು ವರ್ಷ ಇಟ್ಟು ತೆಗೆದ ಒಂದು ವಿಸ್ಕಿಗೆ ಅಮೃತ್‌ನವರು ‘ಗ್ರೀಡಿ ಏಂಜಲ್ಸ್’ ಅಂತಲೇ ಹೆಸರಿಟ್ಟರು. ಹೊಟ್ಟೆಬಾಕ ದೇವತೆಗಳು!

ಆದರೆ ಅದೇ ಬಿಸಿಲು ಇನ್ನೊಂದು ಕೆಲಸ ಮಾಡುತ್ತದೆ. ಸೆಕೆಗೆ ವಿಸ್ಕಿ ಹಿಗ್ಗಿ ಮರದೊಳಗೆ ಇಳಿಯುತ್ತದೆ, ತಂಪಿಗೆ ಹಿಂದಕ್ಕೆ ಬರುತ್ತದೆ. ಮರದ ಸಾರ ಬೇಗ ಬೇಗ ಎಳೆದುಕೊಳ್ಳುತ್ತದೆ. ನಾಲ್ಕೈದು ವರ್ಷದಲ್ಲೇ ಮೈತುಂಬಿಕೊಳ್ಳುತ್ತದೆ. ತೈವಾನಿನ ಕವಲಾನ್, ಗೋವಾದಲ್ಲಿ ಆಗುವ ಪಾಲ್ ಜಾನ್, ಇವೆಲ್ಲ ಇದೇ ಕುಲದವು. ಹಳೆಯದಾದಷ್ಟೂ ಒಳ್ಳೆಯದು ಅನ್ನುವ ಮಾತು ಚಳಿದೇಶದಲ್ಲಿ ಹುಟ್ಟಿದ ಮಾತು. ಅದನ್ನು ಹಿಡಿದುಕೊಂಡು ಬಿಸಿಲ ನಾಡಿನ ವಿಸ್ಕಿಯನ್ನು ಅಳೆಯಬಾರದು.

ಈ ಗ್ಲಾಸಿನಲ್ಲಿ ಆಲ್ಕೋಹಾಲ್ 50% ಇದೆ. ಹಾಗಾಗಿ ಮೊದಲು ಹಾಗೇ ಮೂಸಿ, ಆಮೇಲೆ ಚಮಚದಲ್ಲಿ ನಾಲ್ಕು ಹನಿ ನೀರು ಬಿಡಿ, ಮತ್ತೆ ಮೂಸಿ. ನೋಡಿ, ಮುಖಗಳು ಬದಲಾದವು! ನನಗೆ ಇಲ್ಲಿ ಕಿತ್ತಳೆ ಸಿಪ್ಪೆ, ಹುರಿದ ಕಾಳು, ಬೆಲ್ಲ ಸಿಗುತ್ತದೆ. ನೀರು ಹಾಕಿದರೆ ವಿಸ್ಕಿ ಕೆಡುತ್ತದೆ ಅನ್ನುವುದು ಸುಳ್ಳು. 2017ರಲ್ಲಿ ಸ್ವೀಡನ್ನಿನ ಇಬ್ಬರು ರಸಾಯನ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕಿದರು. ಹೊಗೆಯ ವಾಸನೆ ಕೊಡುವ ಗ್ವಾಯಕೋಲ್ ಎಂಬ ಅಣು, ಆಲ್ಕೋಹಾಲ್ ಜಾಸ್ತಿ ಇದ್ದಾಗ ಅದರೊಳಗೆ ಅವಿತುಕೊಳ್ಳುತ್ತದೆ. ನೀರು ಬೆರೆತರೆ ಮೇಲ್ಮೈಗೆ, ಅಂದರೆ ನಮ್ಮ ಮೂಗಿನ ಹತ್ತಿರಕ್ಕೆ ಬರುತ್ತದೆ.

ಸೋಡಾ ಹಾಕಿದರೆ ತಪ್ಪಾ ಅಂತ ಒಬ್ಬರು ಕೇಳುತ್ತಿದ್ದಾರೆ. ಜಪಾನಿನವರನ್ನು ಕೇಳಿ. ಅಲ್ಲಿ ತಣ್ಣನೆ ಸೋಡಾ ಬೆರೆಸಿದ ಹೈಬಾಲ್ ಊಟದ ಜೊತೆಯ ಮಾಮೂಲು ಪಾನೀಯ. ಅವರೇನು ವಿಸ್ಕಿ ಗೊತ್ತಿಲ್ಲದವರಲ್ಲ. ಮಸಾತಾಕಾ ತಾಕೆತ್ಸುರು ಅನ್ನುವ ಹುಡುಗ 1918ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ, ಭಟ್ಟಿಗಳಲ್ಲಿ ಕೆಲಸ ಮಾಡಿ, ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅಲ್ಲಿನ ರೀಟಾ ಕೋವನ್ ಅವರನ್ನು ಮದುವೆಯಾಗಿ ಕರೆದುಕೊಂಡು ಬಂದ. ಮೊದಲು ಯಮಾಝಾಕಿ ಡಿಸ್ಟಿಲರಿ ಕಟ್ಟಲು ದುಡಿದ. ಆಮೇಲೆ 1934ರಲ್ಲಿ ಹೊಕ್ಕೈಡೊ ದ್ವೀಪದ ಯೋಯಿಚಿಯಲ್ಲಿ ತನ್ನದೇ ಶುರು ಮಾಡಿದ. ಸ್ಕಾಟ್ಲೆಂಡಿನ ಹಾಗೆ ಚಳಿ ಇರುವ ಜಾಗ ಬೇಕು ಅಂತ ಅಲ್ಲಿಯವರೆಗೆ ಹೋದ. ಸೋಡಾ ಹಾಕಿ, ತಪ್ಪಿಲ್ಲ. ಮೊದಲ ಗುಟುಕು ಮಾತ್ರ ಹಾಗೇ ಕುಡಿದು ನೋಡಿ.

ಮತ್ತೆ ಮೂರನೇ ಗ್ಲಾಸಿಗೆ ಮೂಗು ತನ್ನಿ. ಕೊನೆಗೆ ಸಣ್ಣದಾಗಿ ಹೊಗೆ ಇದೆ, ಅಲ್ವಾ? ಫ್ಯೂಷನ್ ಅನ್ನುವ ಹೆಸರು ಬಂದದ್ದು ಅದಕ್ಕೇ. ಮುಕ್ಕಾಲು ಪಾಲು ಭಾರತದ ಬಾರ್ಲಿ. ಕಾಲು ಪಾಲು ಸ್ಕಾಟ್ಲೆಂಡಿನಿಂದ ತರಿಸಿದ, ಹೊಗೆ ಹಿಡಿಸಿದ ಬಾರ್ಲಿ. ಆ ಹೊಗೆಯ ಬೆನ್ನು ಹತ್ತಿದರೆ ನಾವು ಮುಟ್ಟುವುದು ನಾಲ್ಕನೇ ಗ್ಲಾಸಿಗೆ. ಹೊಗೆ ವಿಸ್ಕಿ ಯಾವಾಗಲೂ ಕೊನೆಗೇ ಇರಬೇಕು, ಆಮೇಲೆ ನಾಲಿಗೆಗೆ ಬೇರೆ ಏನೂ ಹತ್ತುವುದಿಲ್ಲ.

ಲಾಗವುಲಿನ್, 16 ವರ್ಷದ್ದು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಐಲಾ ಅಂತ ಒಂದು ದ್ವೀಪ ಇದೆ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ‘ಎಸ್’ ಬರುತ್ತದೆ, ಹೇಳುವಾಗ ಐಲಾ. ಅದರ ದಕ್ಷಿಣ ದಂಡೆಯಲ್ಲಿ ಲಾಫ್ರೋಯ್ಗ್, ಲಾಗವುಲಿನ್, ಆರ್ಡ್‌ಬೆಗ್ ಅನ್ನುವ ಡಿಸ್ಟಿಲರಿಗಳು ಒಂದರ ಪಕ್ಕ ಒಂದು ಇವೆ. ಮೂರೂ ಎರಡು ನೂರು ವರ್ಷ ದಾಟಿದವು.

ಮೂಸಿದ ತಕ್ಷಣ ಕೆಲವರು ಗ್ಲಾಸ್ ದೂರ ಹಿಡಿದದ್ದು ಕಂಡಿತು. ನನಗೂ ಮೊದಲ ಸಲ ಹೀಗೇ ಆಗಿತ್ತು. ಸ್ನೇಹಿತರೊಬ್ಬರು ಪ್ರೀತಿಯಿಂದ ಐಲಾದ ಒಂದು ಬಾಟಲಿ ತಂದುಕೊಟ್ಟಿದ್ದರು. ಮೂಸಿದರೆ ಆಸ್ಪತ್ರೆ, ಟಿಂಚರ್, ಸುಟ್ಟ ಹಗ್ಗ. ಹಾಳಾಗಿದೆ ಅಂತ ಬೀರುವಿನ ಹಿಂದಕ್ಕೆ ತಳ್ಳಿಬಿಟ್ಟೆ. ಎರಡು ವರ್ಷ ಆದಮೇಲೆ ಮಲೆನಾಡಿನ ನೆಂಟರ ಮನೆಗೆ ಹೋಗಿದ್ದೆ, ಜೋರು ಮಳೆಗಾಲ. ಬಚ್ಚಲೊಲೆಗೆ ಒದ್ದೆ ಸೌದೆ ಹಾಕಿದ್ದರು. ಹಂಡೆಯ ಬಿಸಿನೀರಿನಲ್ಲಿ, ಟವೆಲ್ಲಿನಲ್ಲಿ, ಗೋಡೆಯಲ್ಲಿ, ಎಲ್ಲ ಕಡೆ ಆ ಹೊಗೆ. ಮೈಮೇಲೆ ನೀರು ಹೊಯ್ದುಕೊಳ್ಳುವಾಗ ಥಟ್ಟನೆ ಆ ಬಾಟಲಿ ನೆನಪಾಯಿತು. ಊರಿಗೆ ಬಂದು ಹುಡುಕಿ ತೆಗೆದೆ. ಅವತ್ತಿನಿಂದ ನನಗೆ ಐಲಾ ಅಂದರೆ ಬಚ್ಚಲೊಲೆ. ನಿಮಗೂ ಅದು ಬೇಡ ಅನ್ನಿಸಿದರೆ ಬಲವಂತ ಇಲ್ಲ. ಆದರೆ ಇವತ್ತೇ ತೀರ್ಮಾನ ಮಾಡಬೇಡಿ.

ಆ ದ್ವೀಪದಲ್ಲಿ ಗಾಳಿ ಜೋರು, ಮರ ಕಡಿಮೆ. ಸೌದೆ ಇಲ್ಲ. ಇರುವುದು ಜೌಗು ನೆಲ. ಅಲ್ಲಿ ಪಾಚಿ, ಹುಲ್ಲು, ಸಣ್ಣ ಗಿಡಗಳು ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿವೆ. ಅದೇ ಪೀಟ್. ಅದನ್ನು ಇಟ್ಟಿಗೆಯ ಹಾಗೆ ಕತ್ತರಿಸಿ, ಒಣಗಿಸಿ, ಒಲೆಗೆ ಹಾಕುತ್ತಿದ್ದರು. ಮನೆ ಬೆಚ್ಚಗಾಗಿದ್ದೂ ಅದರಿಂದ, ಮೊಳಕೆ ಬಾರ್ಲಿ ಒಣಗಿದ್ದೂ ಅದರಿಂದ. ಹೊಗೆಯಲ್ಲಿರುವ ಫೀನಾಲ್‌ಗಳು ಒದ್ದೆ ಕಾಳಿಗೆ ಹತ್ತಿಕೊಂಡು, ಭಟ್ಟಿ ದಾಟಿ, ಹದಿನಾರು ವರ್ಷ ಪೀಪಾಯಿಯಲ್ಲಿ ಇದ್ದು, ಈಗ ನಿಮ್ಮ ಮೂಗಿಗೆ ಬಂದಿವೆ. ಸ್ಕಾಟ್ಲೆಂಡಿನ ಬೇರೆ ಕಡೆಗಳಲ್ಲೂ ಒಂದು ಕಾಲಕ್ಕೆ ಪೀಟ್ ಉರಿಸುತ್ತಿದ್ದರು. ಅಲ್ಲಿನ ಸ್ಪೇಸೈಡ್ ಅನ್ನುವ ಸೀಮೆಯ ಕಡೆಗೆ ರೈಲು ಬಂತು, ರೈಲಿನಲ್ಲಿ ಕಲ್ಲಿದ್ದಲು ಬಂತು, ಹೊಗೆ ಕಡಿಮೆಯಾಯಿತು. ಐಲಾಗೆ ರೈಲು ಬರಲಿಲ್ಲ.

ಈ ಹೊಗೆಯನ್ನು ಪಿ.ಪಿ.ಎಂ. ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಫೀನಾಲ್ ಎಷ್ಟು ಪಾಲು ಅಂತ, ಹೇಳುತ್ತಾರೆ. ಲಾಗವುಲಿನ್‌ಗೆ ಸುಮಾರು 35, ಆರ್ಡ್‌ಬೆಗ್‌ಗೆ 50ರ ಮೇಲೆ. ಐಲಾದ್ದೇ ಇನ್ನೊಂದು ಡಿಸ್ಟಿಲರಿ ಬ್ರೂಕ್‌ಲಾಡಿಯವರ ಆಕ್ಟೋಮೋರ್ 100 ದಾಟುತ್ತದೆ. ಅದು ಕಾಳಿನಲ್ಲಿ ಅಳೆದ ಲೆಕ್ಕ, ಬಾಟಲಿಯದ್ದಲ್ಲ. ಸಂಖ್ಯೆ ಜಾಸ್ತಿ ಇದ್ದರೆ ವಿಸ್ಕಿ ಮೇಲು ಅಂತ ಓಡಬೇಡಿ. ನನಗೆ ಆ ಸಂಖ್ಯೆಗಿಂತ ಇನ್ನೊಂದು ಸಂಖ್ಯೆ ಮನಸ್ಸಿನಲ್ಲಿ ನಿಂತಿದೆ. ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಆಳ ಅಗೆದರೆ ಸಾವಿರ ವರ್ಷ ಅಗೆದ ಹಾಗೆ. ಅಷ್ಟು ಕಾಲ ಕೂತದ್ದು ಒಂದು ರಾತ್ರಿ ಒಲೆಯಲ್ಲಿ ಉರಿದು ಹೋಗುತ್ತದೆ. ಅದನ್ನು ತಿಳಿದ ಮೇಲೆ ಈ ಗ್ಲಾಸನ್ನು ಅವಸರದಲ್ಲಿ ಮುಗಿಸಲು ನನಗೆ ಕೈ ಬರುವುದಿಲ್ಲ.

ಕೊನೆಯ ಗುಟುಕು ಮುಗಿಸಿ. ಈ ಗ್ಲಾಸ್ ಮಾತ್ರ ತೊಳೆಯಬೇಡಿ, ಮನೆಗೆ ತೆಗೆದುಕೊಂಡು ಹೋಗಿ. ರಾತ್ರಿ ಹಾಗೇ ಮೇಜಿನ ಮೇಲೆ ಇಡಿ. ಬೆಳಿಗ್ಗೆ ಕಾಫಿಗೆ ಮೊದಲು, ಒಣಗಿದ ಗ್ಲಾಸಿಗೆ ಒಂದು ಸಲ ಮೂಗು ತನ್ನಿ. ಆಲ್ಕೋಹಾಲ್ ಪೂರ್ತಿ ಹೋಗಿರುತ್ತದೆ. ಒಲೆ ಆರಿದ ಮೇಲಿನ ಬೂದಿಯ ವಾಸನೆ ಇನ್ನೂ ಇರುತ್ತದೆ.